ಓಆರ್‌ಎಂ ಕಲಿಸಿ, ಆದರೆ ಟೇಬಲ್ ಕೈಬಿಡಬೇಡಿ

ಮಾನ್ಯ ಸಂಪಾದಕರೇ,

ನಿಮ್ಮ ಶಿಕ್ಷಣ ಪುಟದಲ್ಲಿ ಇತ್ತೀಚೆಗೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯುವವರಿಗಾಗಿ ಒಂದು ಲೇಖನ ಬಂದಿತ್ತು. ಸರಳವಾಗಿತ್ತು. ಕನ್ನಡದಲ್ಲಿ ಇಂಥದ್ದು ಬರುವುದೇ ಅಪರೂಪ, ಅದಕ್ಕೆ ಮೊದಲು ಥ್ಯಾಂಕ್ಸ್. ಆದರೆ ಅದರಲ್ಲಿದ್ದ ಒಂದು ಮಾತಿಗೆ ಉತ್ತರ ಬರೆಯದೆ ಇರಲು ಆಗಲಿಲ್ಲ. ಈಗ ಓಆರ್‌ಎಂ ಬಂದಿದೆ (ಡೇಟಾಬೇಸ್ ಜೊತೆ ನಮ್ಮ ಪರವಾಗಿ ವ್ಯವಹರಿಸುವ ಸಿದ್ಧ ಕೋಡ್, ಅಂದರೆ ಲೈಬ್ರರಿ), ಆದ್ದರಿಂದ ಮಾಹಿತಿ ಇಡುವ ಡೇಟಾಬೇಸ್ ಟೇಬಲ್, ಅದರ ಜೊತೆ ಮಾತಾಡುವ ಭಾಷೆಯಾದ ಎಸ್‌ಕ್ಯೂಎಲ್ ಎಲ್ಲ ಕಲಿಯಲೇಬೇಕೆಂದಿಲ್ಲ ಎಂಬ ಅರ್ಥದ ಮಾತು ಅದು. ನನ್ನ ಹತ್ತಿರ ಪಾಠಕ್ಕೆ ಬರುವ ಹುಡುಗರು ಆ ಪುಟವನ್ನು ಕತ್ತರಿಸಿ ತಂದಿದ್ದರು. ‘ಪೇಪರ್‌ನಲ್ಲೇ ಬಂದಿದೆ ಅಕ್ಕಾ, ಇನ್ನು ಜಾಯಿನ್ ಗೀಯಿನ್ ಬೇಡ ಅಲ್ವಾ?’ ಅಂದರು. (ಜಾಯಿನ್ ಅಂದರೆ ಎರಡು ಟೇಬಲ್ಲುಗಳ ಸಾಲುಗಳನ್ನು ಜೋಡಿಸಿ ಓದುವುದು.) ಬೇಕು. ಯಾಕೆ ಬೇಕು ಅಂತ ಹೇಳಲಿಕ್ಕೇ ಈ ಪತ್ರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಜಾಗ ಮಾಡಿಕೊಡಿ.

ನಾನು ಸಿದ್ದಾಪುರದ ಕಡೆಯವಳು. ಕಾಫಿ, ಮೆಣಸು ಖರೀದಿಸುವವರಿಗೆ ಮತ್ತು ಸಣ್ಣ ಬೆಳೆಗಾರರಿಗೆ ಲೆಕ್ಕದ ಸಾಫ್ಟ್‌ವೇರ್ ಬರೆದುಕೊಡುವುದು ನನ್ನ ಕೆಲಸ. ಸಂಜೆ ಹೊತ್ತು ಬಿಸಿಎ, ಬಿಎಸ್ಸಿ ಓದುವ ಮಕ್ಕಳಿಗೆ ಪಾಠ ಹೇಳುತ್ತೇನೆ. ಓಆರ್‌ಎಂ ವಿರೋಧಿ ನಾನಲ್ಲ. ದಿನಾ ಅದನ್ನೇ ಬಳಸುತ್ತೇನೆ.

ವಿಷಯ ಗೊತ್ತಿಲ್ಲದ ಓದುಗರಿಗೆ ಮೊದಲು ಅದೇನು ಅಂತ ಹೇಳಬೇಕು. ಸೀಸನ್‌ನಲ್ಲಿ ಒಬ್ಬ ಬೆಳೆಗಾರರು ಜೀಪಿನಲ್ಲಿ ಮಾಲು ತಂದರು ಅಂತಿಟ್ಟುಕೊಳ್ಳಿ. ಒಂದಷ್ಟು ಚೀಲ ರೋಬಸ್ಟಾ ಚೆರಿ, ಎರಡು ಚೀಲ ಅರೇಬಿಕಾ ಪಾರ್ಚ್‌ಮೆಂಟ್, ಒಂದು ಚೀಲ ಕರಿಮೆಣಸು. ಪ್ರತಿಯೊಂದಕ್ಕೂ ತೂಕ, ತೇವಾಂಶ ಬೇರೆ. ಚೆರಿಗೆ ಔಟ್‌ಟರ್ನ್ ಬೇರೆ ನೋಡಬೇಕು. ಅಂದರೆ 50 ಕೆ.ಜಿ. ಒಣ ಚೆರಿಯಲ್ಲಿ ಎಷ್ಟು ಕೆ.ಜಿ. ಕಾಫಿ ಬೀಜ ಸಿಗುತ್ತದೆ ಎಂಬ ಲೆಕ್ಕ. ಇಷ್ಟೂ ಸೇರಿ ಒಂದೇ ಸ್ಲಿಪ್. ಪೈಥಾನ್‌ನಲ್ಲಿ ಇದನ್ನು ಬರೆಯುವುದು ಸುಲಭ. ಸ್ಲಿಪ್ ಅನ್ನುವ ಒಂದು ಆಬ್ಜೆಕ್ಟ್ (ಸಂಬಂಧಪಟ್ಟ ಮಾಹಿತಿಯ ಒಂದು ಕಟ್ಟು), ಅದರೊಳಗೆ ಬಾಬ್ತುಗಳ ಒಂದು ಪಟ್ಟಿ, ಅದಕ್ಕೆ ಅಂಟಿಕೊಂಡು ಬೆಳೆಗಾರರ ಆಬ್ಜೆಕ್ಟ್. ಸ್ಲಿಪ್ ಸಿಕ್ಕಿದರೆ ಬೆಳೆಗಾರರು ಸಿಕ್ಕಿದರು, ಬೆಳೆಗಾರರು ಸಿಕ್ಕಿದರೆ ಅವರ ಸ್ಲಿಪ್ಪುಗಳೆಲ್ಲ ಸಿಕ್ಕಿದವು.

ಟೇಬಲ್‌ನಲ್ಲಿ ಹಾಗಿಲ್ಲ. ಒಂದು ಚೌಕದಲ್ಲಿ ಒಂದೇ ಮಾಹಿತಿ ಕೂರಬೇಕು, ಪಟ್ಟಿ ಕೂರುವುದಿಲ್ಲ. ಹಾಗಾಗಿ ಬಾಬ್ತುಗಳಿಗೆ ಬೇರೆ ಟೇಬಲ್ ಮಾಡಿ, ಪ್ರತಿ ಸಾಲಿನಲ್ಲೂ ಇದು ಯಾವ ಸ್ಲಿಪ್ಪಿಗೆ ಸೇರಿದ್ದು ಎಂಬ ನಂಬರ್ ಬರೆಯುತ್ತೇವೆ. ಇದೇ ಫಾರಿನ್ ಕೀ. ಐಬಿಎಂನಲ್ಲಿದ್ದ ಇ.ಎಫ್. ಕಾಡ್ 1970ರಲ್ಲಿ ಪ್ರಕಟಿಸಿದ ರಿಲೇಷನಲ್ ಮಾದರಿಯ ಜೀವಾಳವೇ ಇದು. ಸಾಲುಗಳು ಒಂದನ್ನೊಂದು ಕೈ ಹಿಡಿದುಕೊಂಡಿರುವುದಿಲ್ಲ. ಎರಡೂ ಕಡೆ ಇರುವ ಒಂದೇ ನಂಬರಿನಿಂದ ಸಂಬಂಧ ಗೊತ್ತಾಗುತ್ತದೆ. ಆಬ್ಜೆಕ್ಟನ್ನು ಸಾಲುಗಳಾಗಿ ಬಿಡಿಸುವುದು, ಸಾಲುಗಳನ್ನು ಮತ್ತೆ ಆಬ್ಜೆಕ್ಟಾಗಿ ಕೂಡಿಸುವುದು, ಈ ಎರಡೂ ಕೆಲಸವನ್ನು ನಮ್ಮ ಪರವಾಗಿ ಮಾಡುವ ಲೈಬ್ರರಿಗೆ ಓಆರ್‌ಎಂ ಅನ್ನುತ್ತಾರೆ.

ಪೈಥಾನ್‌ನಲ್ಲಿ ಎರಡು ಹೆಸರು ಜಾಸ್ತಿ ಕೇಳಿಬರುತ್ತವೆ. ಒಂದು ಜಾಂಗೊ. ಇದು ವೆಬ್‌ಸೈಟ್ ಕಟ್ಟುವ ಸಾಧನ, ಓಆರ್‌ಎಂ ಇದರೊಳಗೇ ಇದೆ. ಪತ್ರಿಕೆಯವರಾದ ನಿಮಗೆ ಇದು ಇಷ್ಟವಾಗಬಹುದು: ಜಾಂಗೊ ಹುಟ್ಟಿದ್ದು ಒಂದು ಪತ್ರಿಕಾ ಕಚೇರಿಯಲ್ಲಿ. ಅಮೆರಿಕದ ಕಾನ್ಸಾಸ್ ರಾಜ್ಯದ ಲಾರೆನ್ಸ್ ಎಂಬ ಊರಿನ ‘ಲಾರೆನ್ಸ್ ಜರ್ನಲ್-ವರ್ಲ್ಡ್’ ಪತ್ರಿಕೆಯಲ್ಲಿ ವೆಬ್ ಕೆಲಸ ಮಾಡುತ್ತಿದ್ದ ಏಡ್ರಿಯನ್ ಹೊಲೊವಾಟಿ ಮತ್ತು ಸೈಮನ್ ವಿಲಿಸನ್ 2003ರಲ್ಲಿ ಅದನ್ನು ಶುರುಮಾಡಿದರು. 2005ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ಪೇಪರ್ ಕೆಲಸದ ಗಡಿಬಿಡಿಯಲ್ಲಿ ಬೇಗ ಬೇಗ ವೆಬ್‌ಸೈಟ್ ಕಟ್ಟಬೇಕಿತ್ತು, ಅದಕ್ಕೆ ತಕ್ಕ ಹಾಗೆಯೇ ಅದು ಬೆಳೆಯಿತು. ಇನ್ನೊಂದು ಮೈಕ್ ಬೇಯರ್ ಬರೆದ ಎಸ್‌ಕ್ಯೂಎಲ್‌ಆಲ್ಕೆಮಿ. 2006ರಲ್ಲಿ ಹೊರಬಂತು. ಇದರಲ್ಲಿ ಎರಡು ಅಂತಸ್ತು. ಕೆಳಗೆ ಎಸ್‌ಕ್ಯೂಎಲ್ ವಾಕ್ಯಗಳನ್ನು ಪೈಥಾನ್‌ನಲ್ಲೇ ಕಟ್ಟುವ ‘ಕೋರ್’, ಅದರ ಮೇಲೆ ಓಆರ್‌ಎಂ. 2023ರಲ್ಲಿ ಬಂದ ಇದರ 2.0 ಆವೃತ್ತಿಯಲ್ಲಿ ಓಆರ್‌ಎಂ ಬಳಸುವವರೂ ಎಸ್‌ಕ್ಯೂಎಲ್‌ನ ಹಾಗೆ ‘ಸೆಲೆಕ್ಟ್’ ಅಂತಲೇ ಕ್ವೆರಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ) ಶುರುಮಾಡುವುದು ರೂಢಿಯಾಯಿತು. ಅಂದರೆ ಓಆರ್‌ಎಂ ಬರೆದವರೇ ಬಳಸುವವರನ್ನು ಎಸ್‌ಕ್ಯೂಎಲ್ ಹತ್ತಿರಕ್ಕೆ ಕರೆದುಕೊಂಡು ಹೋದರು. ಎಸ್‌ಕ್ಯೂಎಲ್ ಬೇಡ ಅನ್ನುವವರು ಇದನ್ನು ಗಮನಿಸಬೇಕು.

ಓಆರ್‌ಎಂನಿಂದ ಆಗುವ ಉಪಕಾರ ಸಣ್ಣದಲ್ಲ. ಬಳಕೆದಾರರು ಟೈಪ್ ಮಾಡಿದ್ದನ್ನು ನೇರ ಕ್ವೆರಿಯೊಳಗೆ ಅಂಟಿಸದೆ ಬೇರೆಯಾಗಿ ಕಳಿಸುತ್ತದೆ. ಹಾಗಾಗಿ ಎಸ್‌ಕ್ಯೂಎಲ್ ಇಂಜೆಕ್ಷನ್ ಎಂಬ ಹಳೇ ಕಾಟ (ಟೈಪ್ ಮಾಡುವ ಜಾಗದಲ್ಲಿ ಯಾರೋ ತಮ್ಮ ಆಜ್ಞೆ ತೂರಿಸುವುದು) ಬಹುಪಾಲು ತಪ್ಪುತ್ತದೆ. ಇವತ್ತು ಎಸ್‌ಕ್ಯೂಲೈಟ್ ಎಂಬ ಸಣ್ಣ ಡೇಟಾಬೇಸಿನಲ್ಲಿ ಶುರುಮಾಡಿ, ನಾಳೆ ಪೋಸ್ಟ್‌ಗ್ರೆಸ್ ಎಂಬ ದೊಡ್ಡದಕ್ಕೆ ಹೋಗಬೇಕಾದರೆ ಎಲ್ಲವನ್ನೂ ಮತ್ತೆ ಬರೆಯಬೇಕಿಲ್ಲ. ಎಸ್‌ಕ್ಯೂಎಲ್‌ಆಲ್ಕೆಮಿಯಲ್ಲಿ ಹೊಸ ಸ್ಲಿಪ್, ಅದರ ಬಾಬ್ತುಗಳು ಎಲ್ಲವನ್ನೂ ಒಟ್ಟಿಗೆ ಸೇವ್ ಮಾಡಿ ಅಂದರೆ ಯಾವ ಟೇಬಲ್‌ಗೆ ಮೊದಲು ಬರೆಯಬೇಕು, ಯಾವುದಕ್ಕೆ ಆಮೇಲೆ ಅಂತ ಅದೇ ನೋಡಿಕೊಳ್ಳುತ್ತದೆ. ಇದೆಲ್ಲ ಕೈಯಲ್ಲಿ ಬರೆಯುತ್ತಿದ್ದವರಿಗೆ ಇದರ ಬೆಲೆ ಗೊತ್ತು.

ಈಗ ತೊಂದರೆಗೆ ಬರುತ್ತೇನೆ.

ನಮ್ಮ ಕಡೆ ತೋಟದ ಮನೆಗಳಲ್ಲಿ ಮಳೆ ಪುಸ್ತಕ ಇರುತ್ತದೆ. ಬೆಳಿಗ್ಗೆ ಎದ್ದು ಮಳೆಮಾಪಕ ನೋಡಿ ಇಷ್ಟು ಇಂಚು, ಇಷ್ಟು ಸೆಂಟ್ ಅಂತ ಬರೆದಿಡುತ್ತಾರೆ. ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಯಾವಾಗ ಬಿತ್ತು, ಎಷ್ಟು ಬಿತ್ತು ಅನ್ನುವುದರ ಮೇಲೆ ಮುಂದಿನ ಫಸಲಿನ ಅಂದಾಜು ನಿಂತಿದೆ. 2018ರ ಆಗಸ್ಟ್ ತಿಂಗಳ ನೆರೆ, ಭೂಕುಸಿತ ನೋಡಿದ ಮೇಲಂತೂ ಈ ಪುಸ್ತಕಗಳನ್ನು ಯಾರೂ ಸುಮ್ನೆ ಬರೆದಿಡುವುದು ಅಂದುಕೊಳ್ಳುವುದಿಲ್ಲ. ನನ್ನ ವಿದ್ಯಾರ್ಥಿಗಳು ಪ್ರಾಜೆಕ್ಟ್‌ಗೆ ಇದನ್ನೇ ಆರಿಸಿಕೊಂಡರು. ಸುತ್ತಲಿನ ತೋಟಗಳ ಮಳೆ ಲೆಕ್ಕ ಒಂದೇ ಕಡೆ ಸಿಗಬೇಕು. ತುಂಬ ಒಳ್ಳೆಯ ಆಲೋಚನೆ. ತೋಟ ಅಂತ ಒಂದು ಕ್ಲಾಸ್ (ಆಬ್ಜೆಕ್ಟುಗಳ ಅಚ್ಚು), ಮಳೆ ಅಂತ ಒಂದು ಕ್ಲಾಸ್ ಬರೆದರು. ಪುಟದಲ್ಲಿ ಪ್ರತಿ ತೋಟದ ಹೆಸರು, ಅದರ ಪಕ್ಕ ಆ ವರ್ಷದ ಒಟ್ಟು ಮಳೆ. ಕೋಡ್ ಓದಲು ಚೆನ್ನಾಗಿತ್ತು: ಎಲ್ಲ ತೋಟಗಳನ್ನು ತಗೋ, ಒಂದೊಂದರಲ್ಲೂ ಅದರ ಮಳೆಗಳನ್ನು ತಗೋ, ಕೂಡಿಸು, ತೋರಿಸು. ಮೂರು ತೋಟ ಹಾಕಿ ನೋಡಿದರು, ಪುಟ ಥಟ್ ಅಂತ ಬಂತು.

ನಾನು ‘ಎಕೋ’ ಆನ್ ಮಾಡಲು ಹೇಳಿದೆ. ಎಸ್‌ಕ್ಯೂಎಲ್‌ಆಲ್ಕೆಮಿಯಲ್ಲಿ ಇಂಜಿನ್ (ಡೇಟಾಬೇಸ್ ಜೊತೆಗಿನ ಸಂಪರ್ಕ) ಮಾಡುವಾಗ ಎಕೋ ಟ್ರೂ ಅಂತ ಕೊಟ್ಟರೆ, ಅದು ಡೇಟಾಬೇಸ್‌ಗೆ ಕಳಿಸುವ ಪ್ರತಿಯೊಂದು ಎಸ್‌ಕ್ಯೂಎಲ್ ವಾಕ್ಯವೂ ಪರದೆ ಮೇಲೆ ಮೂಡುತ್ತದೆ. ಆಮೇಲೆ 200 ತೋಟಗಳ ನಕಲಿ ಡೇಟಾ ತುಂಬಿಸಿ ಅದೇ ಪುಟ ತೆರೆಯಿರಿ ಅಂದೆ. ಮೊದಲು ಒಂದು ವಾಕ್ಯ ಬಂತು, ಎಲ್ಲ ತೋಟಗಳನ್ನು ಕೊಡು ಅಂತ. ಅದರ ಹಿಂದೆಯೇ ಒಂದನೇ ನಂಬರ್ ತೋಟದ ಮಳೆ ಕೊಡು, ಎರಡನೇ ನಂಬರ್ ತೋಟದ ಮಳೆ ಕೊಡು, ಮೂರನೇದು, ನಾಲ್ಕನೇದು. ತೋಟದ ನಂಬರ್ ಬಿಟ್ಟರೆ ಪ್ರತಿ ವಾಕ್ಯವೂ ಅದೇ. ಒಟ್ಟು 201 ಕ್ವೆರಿ. ‘ನಾವು ಇಷ್ಟೆಲ್ಲ ಬರೆದೇ ಇಲ್ವಲ್ಲ ಅಕ್ಕಾ’ ಅಂದಳು ಒಬ್ಬಳು. ಹೌದು, ಅವರು ಬರೆದಿರಲಿಲ್ಲ. ತೋಟದಿಂದ ಮಳೆ ಕಡೆಗೆ ಒಂದು ಚುಕ್ಕೆ ಇಟ್ಟು ಹೋದಾಗಲೆಲ್ಲ ಓಆರ್‌ಎಂ ಒಂದೊಂದು ಕ್ವೆರಿ ಬರೆಯಿತು. ಕೇಳಿದಾಗ ಮಾತ್ರ ತಂದುಕೊಡುವುದು ಅದರ ಮೊದಲಿನಿಂದಲೂ ಇರುವ ಪದ್ಧತಿ, ಲೇಜಿ ಲೋಡಿಂಗ್ ಅನ್ನುತ್ತಾರೆ. ಈ ಕಾಯಿಲೆಯ ಹೆಸರು ಎನ್ ಪ್ಲಸ್ ಒನ್: ಎನ್ ತೋಟಕ್ಕೆ ಎನ್ ಕ್ವೆರಿ, ಜೊತೆಗೆ ಮೊದಲಿನದ್ದು ಒಂದು.

ಡೇಟಾಬೇಸ್ ಅದೇ ಲ್ಯಾಪ್‌ಟಾಪ್‌ನಲ್ಲಿದ್ದರೆ ಇದು ಗೊತ್ತೇ ಆಗುವುದಿಲ್ಲ. ಆದರೆ ಡೇಟಾಬೇಸ್ ಮುಂಬೈಯ ಯಾವುದೋ ಸರ್ವರ್‌ನಲ್ಲಿದೆ, ಪ್ರೋಗ್ರಾಂ ಇಲ್ಲಿ ಗೋದಾಮಿನ ಕಂಪ್ಯೂಟರಿನಲ್ಲಿ ಓಡುತ್ತಿದೆ ಅಂತಿಟ್ಟುಕೊಳ್ಳಿ. ಜುಲೈ ತಿಂಗಳು, ನೆಟ್‌ವರ್ಕ್ ಬಂದರೆ ಬಂತು. ಒಂದು ಕ್ವೆರಿ ಹೋಗಿ ಬರಲು ಸೆಕೆಂಡಿನ ಹತ್ತನೇ ಒಂದು ಭಾಗ ಹಿಡಿದರೂ 201 ಕ್ವೆರಿಗೆ 20 ಸೆಕೆಂಡ್ ಆಯಿತು. ಮಳೆಯಲ್ಲಿ ನೆನೆದು ಬಂದು ಕೌಂಟರ್ ಮುಂದೆ ನಿಂತವರು ಅಷ್ಟು ಹೊತ್ತು ಕಾಯಬೇಕು.

ಪರಿಹಾರ ಕಷ್ಟದ್ದಲ್ಲ. ‘ಸೆಲೆಕ್ಟ್‌ಇನ್‌ಲೋಡ್’ ಅಂತ ಒಂದು ಮಾತು ಸೇರಿಸಿದರೆ ಎರಡೇ ಕ್ವೆರಿಯಲ್ಲಿ ಮುಗಿಯುತ್ತದೆ: ಒಂದು ತೋಟಗಳಿಗೆ, ಇನ್ನೊಂದು ಅವೆಲ್ಲದರ ಮಳೆಗೆ. ಜಾಂಗೊದಲ್ಲಿ ಇದೇ ಕೆಲಸಕ್ಕೆ ‘ಪ್ರೀಫೆಚ್ ರಿಲೇಟೆಡ್’ ಇದೆ. ಇನ್ನೊಬ್ಬ ಹುಡುಗ ನೆಟ್‌ನಲ್ಲಿ ನೋಡಿ ‘ಜಾಯಿನ್ಡ್‌ಲೋಡ್’ ಹಾಕಿದ (ಎರಡೂ ಟೇಬಲ್ಲುಗಳನ್ನು ಜಾಯಿನ್ ಮಾಡಿ ತರುವುದು), ಒಂದೇ ಕ್ವೆರಿ ಆಯಿತು ಅಂತ ಖುಷಿಪಟ್ಟ. ಬಂದ ಸಾಲುಗಳನ್ನು ಲೆಕ್ಕ ಹಾಕು ಅಂದೆ. 200 ತೋಟ, ವರ್ಷಕ್ಕೆ 365 ದಿನ, 73,000 ಸಾಲು. ಪ್ರತಿ ಸಾಲಿನಲ್ಲೂ ತೋಟದ ಹೆಸರು, ಊರು, ವಿಸ್ತೀರ್ಣ ಮತ್ತೆ ಮತ್ತೆ ಹೊತ್ತುಕೊಂಡು ಬಂದಿದೆ. ಜಾಯಿನ್ ಅಂದರೇನು ಅಂತ ಕೈಯಲ್ಲಿ ಬರೆದು ನೋಡಿದವರಿಗೆ ಇದು ಮೊದಲೇ ಹೊಳೆಯುತ್ತದೆ. ಬರೆಯದವರಿಗೆ ಯಾವ ಮಂತ್ರ ಹಾಕಿದರೂ ಒಂದೇ.

ಇಷ್ಟಕ್ಕೂ ಆ ಪುಟಕ್ಕೆ ಬೇಕಾಗಿದ್ದು ತೋಟಕ್ಕೊಂದು ಮೊತ್ತ. ಎರಡು ಕ್ವೆರಿಯಲ್ಲೇ ತಂದರೂ 73,000 ಮಳೆಯ ಆಬ್ಜೆಕ್ಟುಗಳನ್ನು ಇಲ್ಲಿಗೆ ಎಳೆದುಕೊಂಡು ಬಂದು ಪೈಥಾನ್‌ನಲ್ಲಿ ಯಾಕೆ ಕೂಡಿಸಬೇಕು? ‘ಗ್ರೂಪ್ ಬೈ’ ಹಾಕಿ ‘ಸಮ್’ ಕೇಳಿದರೆ ಡೇಟಾಬೇಸೇ ಕೂಡಿಸಿ 200 ಸಾಲು ಕೊಡುತ್ತದೆ. ಓಆರ್‌ಎಂನಲ್ಲೂ ಇದನ್ನು ಬರೆಯಬಹುದು. ಆದರೆ ಗ್ರೂಪ್ ಬೈ ಅಂತ ಒಂದಿದೆ ಅನ್ನುವುದು ಗೊತ್ತಿದ್ದರೆ ತಾನೇ ಅದನ್ನು ಹುಡುಕುವುದು? ಆ ಮಕ್ಕಳು ದಡ್ಡರಲ್ಲ. ಅವರಿಗೆ ಕಲಿಸಿದ ಕ್ರಮ ಹಾಗಿತ್ತು.

ಇದು ವೇಗದ ಮಾತಾಯಿತು. ನನಗೆ ಇದಕ್ಕಿಂತ ಹೆಚ್ಚು ಚಿಂತೆ ಇನ್ನೊಂದರದ್ದು. ಟೇಬಲ್ ಬರೆದು ನೋಡದೆ ನೇರ ಕ್ಲಾಸ್ ಬರೆಯಲು ಕೂತವರು ನಮ್ಮ ಊರಿನ ಬದುಕನ್ನೇ ತಪ್ಪಾಗಿ ಬರೆದುಬಿಡುತ್ತಾರೆ.

ಉದಾಹರಣೆಗೆ ಜಾಗ. ಪುಸ್ತಕದ ಮಾದರಿಗಳಲ್ಲಿ ಒಂದು ಮನೆಗೆ ಒಬ್ಬ ಮಾಲೀಕ. ಅದನ್ನೇ ನೋಡಿ ಮಕ್ಕಳು ತೋಟ ಕ್ಲಾಸಿನಲ್ಲಿ ‘ಮಾಲೀಕ’ ಅಂತ ಒಂದು ಕಾಲಂ ಇಡುತ್ತಾರೆ. ಕೊಡಗಿನಲ್ಲಿ ಜಮ್ಮಾ ಜಾಗ (ವಂಶಪಾರಂಪರ್ಯವಾಗಿ ಬಂದ ಜಾಗ) ಇರುವ ಮನೆಯ ಪಹಣಿ ತೆಗೆದು ನೋಡಿ. ಮನೆತನದ ಪರವಾಗಿ ಪಟ್ಟೆದಾರರ ಹೆಸರಿರುತ್ತದೆ, ಅದರ ಹಿಂದೆ ಇಡೀ ಒಕ್ಕ (ಮನೆತನ) ಇರುತ್ತದೆ. ಒಂದೇ ಜಾಗಕ್ಕೆ ಹಲವರು ಹಕ್ಕುದಾರರು, ಅವರಲ್ಲಿ ಒಬ್ಬೊಬ್ಬರಿಗೆ ಬೇರೆ ಬೇರೆ ಕಡೆ ಜಾಗ. ತೋಟ ನೋಡಿಕೊಳ್ಳುವವರು ಒಬ್ಬರು, ಮಾಲು ತರುವವರು ಇನ್ನೊಬ್ಬರು, ದುಡ್ಡು ಹಂಚಿ ಹೋಗಬೇಕಾದ್ದು ಮೂರ್ನಾಲ್ಕು ಖಾತೆಗಳಿಗೆ. ಇದಕ್ಕೆ ಬೇಕಾಗಿರುವುದು ನಡುವೆ ಇನ್ನೊಂದು ಟೇಬಲ್: ಯಾವ ಜಾಗ, ಯಾವ ವ್ಯಕ್ತಿ, ಎಷ್ಟು ಪಾಲು, ಯಾವತ್ತಿನಿಂದ.

ಜಾಂಗೊದಲ್ಲಿ ‘ಮೆನಿಟುಮೆನಿ’ (ಹಲವರಿಗೆ ಹಲವು) ಅಂತ ಹಾಕಿದರೆ ಆ ನಡುವಿನ ಟೇಬಲ್ಲನ್ನು ಅದೇ ಮಾಡಿಕೊಳ್ಳುತ್ತದೆ. ಆದರೆ ಅದರಲ್ಲಿ ಇರುವುದು ಜಾಗದ ನಂಬರ್, ವ್ಯಕ್ತಿಯ ನಂಬರ್, ಅಷ್ಟೇ. ಪಾಲು ಎಲ್ಲಿ ಬರೆಯುವುದು? ವ್ಯಕ್ತಿಯ ಟೇಬಲ್‌ನಲ್ಲಿ ಬರೆದರೆ ಅವರ ಎಲ್ಲ ಜಾಗಕ್ಕೂ ಅದೇ ಪಾಲು ಆಗುತ್ತದೆ. ಜಾಗದ ಟೇಬಲ್‌ನಲ್ಲಿ ಬರೆದರೆ ಎಲ್ಲರಿಗೂ ಅದೇ ಆಗುತ್ತದೆ. ಪಾಲು ಇರಬೇಕಾದ್ದು ನಡುವಿನ ಟೇಬಲ್‌ನಲ್ಲೇ. ಅದಕ್ಕೆ ನಾವೇ ಒಂದು ಕ್ಲಾಸ್ ಬರೆದು ‘ಥ್ರೂ’ ಅಂತ ತೋರಿಸಬೇಕು. ಎಸ್‌ಕ್ಯೂಎಲ್‌ಆಲ್ಕೆಮಿಯಲ್ಲಿ ಇದನ್ನೇ ಅಸೋಸಿಯೇಷನ್ ಆಬ್ಜೆಕ್ಟ್ ಅನ್ನುತ್ತಾರೆ. ನಡುವೆ ಒಂದು ಟೇಬಲ್ ಇದೆ ಅನ್ನುವುದೇ ಗೊತ್ತಿಲ್ಲದವರು ಇದನ್ನು ಮಾಡುವುದು ಹೇಗೆ? ಕಾಗದದ ಮೇಲೆ ಮೂರು ಚೌಕ ಬರೆದು, ನಮ್ಮದೇ ಒಬ್ಬರ ಮನೆಯ ಹೆಸರುಗಳನ್ನು ತುಂಬಿಸಿ ತೋರಿಸಿದಾಗ ಎಲ್ಲರಿಗೂ ತಕ್ಷಣ ಅರ್ಥವಾಯಿತು. ಯಾಕೆಂದರೆ ಪಾಲಿನ ವಿಷಯ ಅವರು ಮನೆಯಲ್ಲಿ ದಿನಾ ಕೇಳುವ ಮಾತು.

ಹೆಸರಿನದ್ದೂ ಹೀಗೆಯೇ. ಕೊಡವರಲ್ಲಿ ಮನೆ ಹೆಸರು ಮೊದಲು, ಆಮೇಲೆ ಸ್ವಂತ ಹೆಸರು. ಎಷ್ಟೋ ಜನರನ್ನು ಊರು ಗುರುತಿಸುವುದು ಮೂರನೇ ಒಂದು ಹೆಸರಿನಿಂದ. ಒಂದೇ ಒಕ್ಕದಲ್ಲಿ ಒಂದೇ ಹೆಸರಿನ ಇಬ್ಬರು ಇರಬಹುದು. ಹೆಸರನ್ನು ಪ್ರೈಮರಿ ಕೀ (ಒಂದು ಸಾಲನ್ನು ಉಳಿದವುಗಳಿಂದ ಬೇರೆ ಮಾಡುವ ಗುರುತು) ಮಾಡಿದರೆ ಒಬ್ಬರ ಮುಂಗಡ ಇನ್ನೊಬ್ಬರ ಲೆಕ್ಕಕ್ಕೆ ಸೇರುತ್ತದೆ.

ಅಳಿಸುವ ವಿಚಾರವನ್ನಂತೂ ಹೇಳಲೇಬೇಕು. ಜಾಂಗೊದಲ್ಲಿ ಫಾರಿನ್ ಕೀ ಬರೆಯುವಾಗ, ಆ ಕಡೆಯ ಸಾಲು ಅಳಿಸಿಹೋದರೆ ಈ ಕಡೆಯ ಸಾಲುಗಳನ್ನು ಏನು ಮಾಡಬೇಕು ಅಂತ ನಾವೇ ಹೇಳಬೇಕು. 2017ರ ಕೊನೆಗೆ ಬಂದ 2.0 ಆವೃತ್ತಿಯಿಂದ ಇದು ಕಡ್ಡಾಯ. ಒಳ್ಳೆಯ ನಿಯಮ. ಆದರೆ ಮಕ್ಕಳು ಎಲ್ಲ ಕಡೆಯೂ ‘ಕ್ಯಾಸ್ಕೇಡ್’ (ಅದರ ಜೊತೆ ಇವನ್ನೂ ಅಳಿಸು) ಅಂತ ನಕಲು ಮಾಡಿರುತ್ತಾರೆ, ಮಾದರಿಗಳಲ್ಲಿ ಅದೇ ಇರುತ್ತದೆ. ಬೆಳೆಗಾರರು ತೀರಿಕೊಂಡರು, ಮಗ ಬಂದು ‘ಅಪ್ಪನ ಹೆಸರು ತೆಗೆದು ನನ್ನದು ಹಾಕಿ’ ಅಂದರು. ಗುಮಾಸ್ತರು ಹಳೇ ಹೆಸರು ಅಳಿಸಿ ಹೊಸದು ಸೇರಿಸಿದರು. ಕ್ಯಾಸ್ಕೇಡ್ ಇದ್ದರೆ ಆ ಹೆಸರಿನ ಜೊತೆ ಅಷ್ಟೂ ವರ್ಷದ ಸ್ಲಿಪ್ಪುಗಳು ಹೋದವು. ಸಾಲಕ್ಕೆ ಬ್ಯಾಂಕಿಗೆ ಹೋದಾಗ ತೋರಿಸಲು ಏನೂ ಉಳಿಯಲಿಲ್ಲ. ‘ಪ್ರೊಟೆಕ್ಟ್’ ಅಂತ ಬರೆದಿದ್ದರೆ ಜಾಂಗೊ ಅಳಿಸಲು ಬಿಡುತ್ತಲೇ ಇರಲಿಲ್ಲ. ಇದನ್ನು ತೀರ್ಮಾನಿಸಬೇಕಾದವರು ಆ ಲೆಕ್ಕದ ಬೆಲೆ ಗೊತ್ತಿರುವವರು. ಲೈಬ್ರರಿಗೆ ಅದು ಗೊತ್ತಾಗುವುದಿಲ್ಲ.

ಮುಂಗಡದ ಬಾಕಿ ಕೂಡ ಹಾಗೆಯೇ. ಕೊಯ್ಲಿನ ಸಮಯದಲ್ಲಿ ಕೂಲಿ ಕೊಡಲು ಬೆಳೆಗಾರರು ಮುಂಗಡ ತಗೊಳ್ಳುತ್ತಾರೆ. ಎರಡು ಕೌಂಟರ್‌ನಲ್ಲಿ ಇಬ್ಬರು ಏಕಕಾಲಕ್ಕೆ ಒಬ್ಬರದೇ ಖಾತೆ ತೆರೆದರು, ಇಬ್ಬರ ಪರದೆಯಲ್ಲೂ ಬಾಕಿ 40,000. ಒಬ್ಬರು ಇನ್ನೂ 10,000 ಕೊಟ್ಟು 50,000 ಅಂತ ಸೇವ್ ಮಾಡಿದರು. ಇನ್ನೊಬ್ಬರು ಮಾಲಿನ ಹಣದಲ್ಲಿ 15,000 ಮುರಿದುಕೊಂಡು 25,000 ಅಂತ ಸೇವ್ ಮಾಡಿದರು. ಇರಬೇಕಾದ್ದು 35,000. ಹತ್ತು ಸಾವಿರ ಮಾಯ. ಪೈಥಾನ್ ಆಬ್ಜೆಕ್ಟ್ ಅನ್ನುವುದು ಡೇಟಾಬೇಸಿನ ಸಾಲಲ್ಲ, ಆ ಹೊತ್ತಿನ ಒಂದು ಪ್ರತಿ. ಜಾಂಗೊದ ‘ಎಫ್’ ಬಳಸಿ ‘ಈಗ ಇರುವುದಕ್ಕೆ ಇಷ್ಟು ಕೂಡಿಸು’ ಅಂತ ಹೇಳಿದರೆ ಲೆಕ್ಕ ಡೇಟಾಬೇಸಿನಲ್ಲೇ ನಡೆಯುತ್ತದೆ, ತಪ್ಪುವುದಿಲ್ಲ. ಎಸ್‌ಕ್ಯೂಎಲ್‌ನ ‘ಅಪ್‌ಡೇಟ್’ ಗೊತ್ತಿದ್ದವರಿಗೆ ಇದು ಒಂದು ಸಾಲಿನ ಮಾತು. ಹಣವನ್ನು ‘ಫ್ಲೋಟ್’ನಲ್ಲಿ (ದಶಮಾಂಶವನ್ನು ಅಂದಾಜಾಗಿ ಇಡುವ ಸಂಖ್ಯೆ) ಇಡಬಾರದು ಅನ್ನುವುದನ್ನೂ ಇಲ್ಲೇ ಸೇರಿಸಿ ಹೇಳಿಬಿಡುತ್ತೇನೆ. ಪೈಸೆ ಲೆಕ್ಕದಲ್ಲಿ ಪೂರ್ಣ ಸಂಖ್ಯೆಯಾಗಿ ಇಡಿ, ಇಲ್ಲವೇ ನಿಖರವಾಗಿ ಇಡುವ ಡೆಸಿಮಲ್ ಬಳಸಿ.

ಹಾಗಾದರೆ ಏನು ಮಾಡಬೇಕು? ನಾನು ನೋಡಿದ ಮಟ್ಟಿಗೆ ಕಾಲೇಜುಗಳಲ್ಲಿ ಡೇಟಾಬೇಸ್ ಒಂದು ಸೆಮಿಸ್ಟರ್, ಪೈಥಾನ್ ಇನ್ನೊಂದು ಸೆಮಿಸ್ಟರ್. ಎರಡೂ ಒಂದೇ ಪ್ರೋಗ್ರಾಂನಲ್ಲಿ ಭೇಟಿಯಾಗುವುದು ಕೊನೆಯ ಪ್ರಾಜೆಕ್ಟ್‌ನಲ್ಲಿ ಮಾತ್ರ. ಅಷ್ಟರಲ್ಲಿ ಮೊದಲಿನದ್ದು ಮರೆತಿರುತ್ತದೆ. ಪೈಥಾನ್ ಲ್ಯಾಬಿನಲ್ಲೇ ಎಸ್‌ಕ್ಯೂಲೈಟ್ ತೆಗೆಸಿ. ರಿಚರ್ಡ್ ಹಿಪ್ 2000ದಲ್ಲಿ ಬಿಡುಗಡೆ ಮಾಡಿದ ಈ ಡೇಟಾಬೇಸ್ ಒಂದೇ ಫೈಲಿನಲ್ಲಿ ಕೂರುತ್ತದೆ. ಇದನ್ನು ಬಳಸುವ ಮಾಡ್ಯೂಲ್ 2006ರ ಪೈಥಾನ್ 2.5ರಿಂದ ಪೈಥಾನ್ ಜೊತೆಗೇ ಬರುತ್ತದೆ. ಸರ್ವರ್ ಬೇಡ, ಇಂಟರ್ನೆಟ್ ಬೇಡ. ಕರೆಂಟ್ ಹೋದರೂ ಲ್ಯಾಪ್‌ಟಾಪ್ ಬ್ಯಾಟರಿ ಇರುವವರೆಗೆ ಓಡುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ಪಾಠ ಮಾಡಿದವರಿಗೆ ಇದು ಎಷ್ಟು ದೊಡ್ಡ ಅನುಕೂಲ ಅಂತ ಬಿಡಿಸಿ ಹೇಳಬೇಕಿಲ್ಲ. ಮೊದಲು ಮನೆಯದೇ ಒಂದು ಲೆಕ್ಕದ ಪುಸ್ತಕ ತರಲಿ. ಅದಕ್ಕೆ ಟೇಬಲ್ ಬರೆಯಲಿ. ಜಾಯಿನ್, ಗ್ರೂಪ್ ಬೈ ಕೈಯಲ್ಲೇ ಬರೆಯಲಿ. ಆಮೇಲೆ ಅದೇ ಟೇಬಲ್‌ಗಳಿಗೆ ಓಆರ್‌ಎಂ ಕ್ಲಾಸ್ ಕಟ್ಟಲಿ, ಎಕೋ ಆನ್ ಇಟ್ಟುಕೊಂಡೇ ಕಟ್ಟಲಿ. ಪ್ರಾಜೆಕ್ಟ್ ನೋಡಲು ಬರುವ ಮೇಷ್ಟ್ರುಗಳು ‘ಈ ಪುಟಕ್ಕೆ ಎಷ್ಟು ಕ್ವೆರಿ ಹೋಯಿತು?’ ಅಂತ ಒಂದು ಪ್ರಶ್ನೆ ಕೇಳಿದರೆ ಸಾಕು, ಮುಂದಿನ ವರ್ಷದ ಮಕ್ಕಳು ತಾವಾಗಿಯೇ ಎಣಿಸಿಕೊಂಡು ಬರುತ್ತಾರೆ.

ನಿಮ್ಮಲ್ಲಿ ಒಂದು ವಿನಂತಿ. ಶಿಕ್ಷಣ ಪುಟದಲ್ಲಿ ಆ ಲೇಖನಕ್ಕೆ ಮುಂದಿನ ಭಾಗ ಹಾಕಿ. ಎಡಗಡೆ ಪೈಥಾನ್ ಸಾಲು, ಬಲಗಡೆ ಅದು ಹೊರಡಿಸುವ ಎಸ್‌ಕ್ಯೂಎಲ್, ಎರಡೂ ಪಕ್ಕಪಕ್ಕ ಕಾಣುವ ಹಾಗೆ. ಉದಾಹರಣೆಗೆ ಕಾಫಿ ಸ್ಲಿಪ್, ಮಳೆ ಪುಸ್ತಕ ಇಂಥವೇ ಇರಲಿ. ಅದನ್ನು ಬರೆದುಕೊಡಲು ನಾನು ತಯಾರಿದ್ದೇನೆ, ಸಂಭಾವನೆ ಬೇಡ. ನವೆಂಬರ್‌ಗೆ ಮುಂಚೆ ತಿಳಿಸಿದರೆ ಅನುಕೂಲ. ಕೊಯ್ಲು ಶುರುವಾದ ಮೇಲೆ ಖರೀದಿ ಕೌಂಟರುಗಳಿಂದ ಫೋನ್ ಬರುತ್ತಲೇ ಇರುತ್ತದೆ, ಕೂತು ಬರೆಯಲು ಬಿಡುವು ಸಿಗುವುದಿಲ್ಲ.

ಇಂತಿ,
ನಿಮ್ಮ ಓದುಗರಲ್ಲಿ ಒಬ್ಬಳು
ಸಿದ್ದಾಪುರ, ಕೊಡಗು